ಹೆಬ್ಬೆಟ್ಟು ಕೇಳದ ರೇಷನ್

ಸಂಪಾದಕರಿಗೆ ನಮಸ್ಕಾರ.

ಅಮೆರಿಕದಲ್ಲಿ ಕೆಲಸ ಕಳೆದುಕೊಂಡ ನಮ್ಮ ಹುಡುಗರ ಸುದ್ದಿ ಪೇಪರಿನಲ್ಲಿ ಆಗಾಗ ಬರುತ್ತದೆ. ಅದನ್ನು ಓದಿದವರು ನಮ್ಮೂರ ಹೋಟೆಲಿನಲ್ಲಿ ಎರಡು ಥರ ಮಾತಾಡುತ್ತಾರೆ. ಕೆಲವರು ಅಯ್ಯೋ ಪಾಪ ಅನ್ನುತ್ತಾರೆ. ಇನ್ನು ಕೆಲವರು, ಡಾಲರ್ ಎಣಿಸಿದ್ದು ಸಾಕು, ಈಗ ಗೊತ್ತಾಗಲಿ ಅನ್ನುತ್ತಾರೆ. ಕೆಲಸ ಹೋದ ಮನೆಯಲ್ಲಿ ಮಾರನೇ ತಿಂಗಳು ಒಲೆ ಮೇಲೆ ಏನಿಡುತ್ತಾರೆ ಅಂತ ಕೇಳಿದವರನ್ನು ನಾನು ನೋಡಿಲ್ಲ. ನನಗೆ ಮೊದಲು ಹೊಳೆಯುವುದು ಅದೇ. ಯಾಕಂದ್ರೆ ನಾನು ಇಪ್ಪತ್ತಾರು ವರ್ಷ ತಿಪಟೂರು ತಾಲ್ಲೂಕಿನ ಒಂದು ಸೊಸೈಟಿಯಲ್ಲಿ ರೇಷನ್ ತೂಗಿದವನು. ಅಕ್ಕಿ, ರಾಗಿ, ಸಕ್ಕರೆ, ಸೀಮೆಎಣ್ಣೆ, ಎಲ್ಲಾ ನನ್ನ ಕೈ ಮೇಲೆ ಹೋಗಿದೆ.

2025ರ ಜುಲೈನಿಂದ ಡಿಸೆಂಬರ್‌ವರೆಗೆ ಮಗನ ಮನೆಯಲ್ಲಿದ್ದೆ, ಸ್ಯಾನ್ ಹೋಸೆಯಲ್ಲಿ. ಅದು ಇರುವುದು ಸಾಂತಾ ಕ್ಲಾರಾ ಕೌಂಟಿಯಲ್ಲಿ. ಕೌಂಟಿ ಅಂದರೆ ಹೆಚ್ಚು ಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ ಅಂದುಕೊಳ್ಳಿ, ಹತ್ತೊಂಬತ್ತು ಲಕ್ಷದಷ್ಟು ಜನ. ಕ್ಯುಪರ್ಟಿನೊ, ಸನ್ನಿವೇಲ್, ಮೌಂಟನ್ ವ್ಯೂ, ಪಾಲೊ ಆಲ್ಟೊ ಎಲ್ಲಾ ಅದರೊಳಗೇ ಬರುತ್ತವೆ. ಆಪಲ್, ಗೂಗಲ್ ಕಂಪನಿಗಳ ಮನೆ ಅದು. ಸಂಜೆ ವಾಕಿಂಗ್ ಹೋದರೆ ದಾರಿಯಲ್ಲಿ ಇಬ್ಬರಾದರೂ ಕನ್ನಡದವರು ಸಿಗುತ್ತಾರೆ, ಸೊಸೆಯ ಬಾಣಂತನಕ್ಕೆ ಅಂತ ಬಂದು ಮಾತಿಗೆ ಜನ ಸಿಗದೆ ಒದ್ದಾಡುತ್ತಿರುವ ನನ್ನಂಥವರು. ಇಂಥ ಊರಲ್ಲಿ ಪುಕ್ಕಟೆ ರೇಷನ್‌ಗೆ ಜನ ಕಾರು ತಂದು ಸಾಲು ನಿಲ್ಲುತ್ತಾರೆ ಅಂತ ಮಗ ಹೇಳಿದಾಗ ನಾನು ನಕ್ಕೆ. ಕಾರಿದ್ದವನು ಯಾವ ಸೀಮೆ ಬಡವನೋ ಅಂದೆ. ನಮ್ಮಲ್ಲಿ ಮನೆ ಬಳಕೆಗೆ ಕಾರಿದ್ದರೆ ಬಿಪಿಎಲ್ ಕಾರ್ಡೇ ಇಲ್ಲ, ಅಲ್ವಾ?

ಮಗ ನನ್ನನ್ನು ಕೂರಿಸಿಕೊಂಡು ಲೆಕ್ಕ ಹಾಕಿಸಿದ. ಆ ಊರಲ್ಲಿ 2025ರಲ್ಲಿ ಗಂಟೆಗೆ ಕೊಡಲೇಬೇಕಾದ ಕನಿಷ್ಠ ಕೂಲಿ 17 ಡಾಲರ್ 95 ಸೆಂಟ್. ವಾರಕ್ಕೆ ನಲವತ್ತು ಗಂಟೆ ದುಡಿದರೆ ತಿಂಗಳಿಗೆ 3,100 ಡಾಲರ್ ಹತ್ತಿರ ಬರುತ್ತದೆ, ಅದೂ ತೆರಿಗೆ ಹಿಡಿಯುವ ಮೊದಲು. ಒಂದು ರೂಮಿನ ಮನೆಗೆ ಬಾಡಿಗೆ ಎರಡೂವರೆ ಸಾವಿರ ಡಾಲರ್ ಆಸುಪಾಸು. ಉಳಿದದ್ದರಲ್ಲಿ ಕರೆಂಟು, ಫೋನು, ಪೆಟ್ರೋಲು, ಇನ್ಶೂರೆನ್ಸು. ಕಾರು ಬಿಟ್ಟುಬಿಡಲಿ ಅಂದರೆ ಕೆಲಸಕ್ಕೆ ಹೋಗುವುದು ಹೇಗೆ? ಅಲ್ಲಿ ಕಾರು ಅಂದರೆ ನಮ್ಮ ಎತ್ತಿನಗಾಡಿ ಇದ್ದ ಹಾಗೆ, ಅದನ್ನು ಮಾರಿದರೆ ಬದುಕೇ ನಿಂತುಹೋಗುತ್ತದೆ. ಇನ್ನೊಂದು ಮಾತು ಹೇಳಿದ. ನಾಲ್ಕು ಜನರ ಸಂಸಾರ ವರ್ಷಕ್ಕೆ ಒಂದು ಲಕ್ಷ ಡಾಲರ್ ದುಡಿದರೂ ಮನೆ ಸವಲತ್ತಿನ ಸರ್ಕಾರಿ ಲೆಕ್ಕದಲ್ಲಿ ಆ ಕೌಂಟಿಯಲ್ಲಿ ಅದು ಕಡಿಮೆ ಆದಾಯದ ಮನೆಯಂತೆ. ಲಕ್ಷ ಡಾಲರ್! ಮನಸ್ಸಿನಲ್ಲೇ ರೂಪಾಯಿಗೆ ಗುಣಿಸಿ ಸುಮ್ಮನಾದೆ.

ಆ ರೇಷನ್ ಕೊಡುವ ಸಂಸ್ಥೆಯ ಹೆಸರು ಸೆಕೆಂಡ್ ಹಾರ್ವೆಸ್ಟ್ ಆಫ್ ಸಿಲಿಕಾನ್ ವ್ಯಾಲಿ. 1974ರಲ್ಲಿ ಶುರುವಾದದ್ದು. ಸಾಂತಾ ಕ್ಲಾರಾ ಮತ್ತು ಪಕ್ಕದ ಸ್ಯಾನ್ ಮಟೇಯೊ, ಎರಡು ಕೌಂಟಿಗೂ ಅದೇ. ತಿಂಗಳಿಗೆ ಐದು ಲಕ್ಷದ ಆಸುಪಾಸು ಜನಕ್ಕೆ ಊಟದ ಸಾಮಾನು ಮುಟ್ಟಿಸುತ್ತದೆ. ಅಂದರೆ ಐದಾರು ಜನರಲ್ಲಿ ಒಬ್ಬರು. ಕೊರೊನಾಗೆ ಮುಂಚೆ ಇದರ ಅರ್ಧದಷ್ಟು ಇತ್ತಂತೆ. ಕೊರೊನಾ ಹೋಯಿತು, ಏರಿದ ಸಂಖ್ಯೆ ಇಳಿಯಲಿಲ್ಲ.

ಸೆಕೆಂಡ್ ಹಾರ್ವೆಸ್ಟ್ ಅಂದರೆ ಎರಡನೇ ಕುಯ್ಲು ಅಂತ ಮಗ ಅರ್ಥ ಹೇಳಿದ. ಅಷ್ಟುದ್ದ ಯಾಕಪ್ಪಾ, ಹಕ್ಕಲು ಅನ್ನು ಸಾಕು ಅಂದೆ. ಅವನಿಗೆ ಗೊತ್ತಿರಲಿಲ್ಲ. ರಾಗಿ ಕುಯ್ದ ಮೇಲೆ ಹೊಲದಲ್ಲಿ ಉದುರಿ ಬಿದ್ದ ತೆನೆಯನ್ನು ಇಲ್ಲದವರು ಬಂದು ಆಯ್ದುಕೊಳ್ಳುತ್ತಿದ್ದರು, ಹೊಲದವರು ಬೇಡ ಅನ್ನುತ್ತಿರಲಿಲ್ಲ. ನಮ್ಮಜ್ಜಿ ಹಾಗೆ ಹಕ್ಕಲು ಆಯ್ದು ಸಂಸಾರ ಸಾಕಿದವಳು. ಅಲ್ಲಿಯೂ ಹೆಚ್ಚುಕಡಿಮೆ ಅದೇ, ಹೊಲದ ಬದಲು ಲಾರಿ, ಅಷ್ಟೇ. ಅಂಗಡಿಗೆ ಹೊಂದದ ಸೊಟ್ಟ ಕ್ಯಾರೆಟ್ಟು, ಗಾತ್ರ ಕಡಿಮೆಯಾದ ಸೇಬು, ಬೇರೆ ಬೇರೆ ಆಕಾರದ ಆಲೂಗಡ್ಡೆ, ಇವು ಕ್ಯಾಲಿಫೋರ್ನಿಯಾದ ತೋಟಗಳಿಂದ ಬರುತ್ತವೆ. ಸೂಪರ್ ಮಾರ್ಕೆಟ್‌ಗಳಲ್ಲಿ ಮಿಕ್ಕಿದ್ದೂ ಬರುತ್ತದೆ. ಅದಕ್ಕೆ ಆ ರಾಜ್ಯದಲ್ಲಿ ಕಾನೂನೇ ಇದೆ, ದೊಡ್ಡ ಅಂಗಡಿಗಳು ತಿನ್ನಲು ಚೆನ್ನಾಗಿರುವ ಮಿಕ್ಕ ಸಾಮಾನನ್ನು ಕಸಕ್ಕೆ ಹಾಕುವ ಹಾಗಿಲ್ಲ, 2022ರಿಂದ ಇಂಥ ಸಂಸ್ಥೆಗೆ ಕೊಡಲೇಬೇಕು. ಉಳಿದದ್ದನ್ನು ಸಂಸ್ಥೆ ಜನರ ದೇಣಿಗೆಯಲ್ಲಿ ಕೊಂಡುಕೊಳ್ಳುತ್ತದೆ.

ಇಂಥ ಸಂಸ್ಥೆಗಳಿಗೆ ಫುಡ್ ಬ್ಯಾಂಕ್ ಅಂತ ಹೆಸರು ಬಂದದ್ದಕ್ಕೂ ಒಂದು ಕತೆಯಿದೆ. 1967ರಲ್ಲಿ ಅರಿಜೋನಾದ ಫೀನಿಕ್ಸ್ ಊರಲ್ಲಿ ಜಾನ್ ವ್ಯಾನ್ ಹೆಂಗೆಲ್ ಅನ್ನುವವರು ಇಂಥ ಮೊದಲನೆಯದನ್ನು ಶುರುಮಾಡಿದರು. ಅಂಗಡಿಯವರು ಬಿಸಾಡಿದ್ದನ್ನು ಆಯ್ದು ಮಕ್ಕಳನ್ನು ಸಾಕುತ್ತಿದ್ದ ಒಬ್ಬ ತಾಯಿ, ದುಡ್ಡಿಗೆ ಬ್ಯಾಂಕ್ ಇರುವ ಹಾಗೆ ಊಟಕ್ಕೂ ಇರಬೇಕು, ಇದ್ದವರು ಇಡಬೇಕು, ಬೇಕಾದವರು ತೆಗೆಯಬೇಕು ಅಂದಳಂತೆ.

ಕೆಲಸದ ರೀತಿ ನನಗೆ ಚೆನ್ನಾಗಿಯೇ ಅರ್ಥವಾಯಿತು. ನಮ್ಮ ಸರ್ಕಾರಿ ಗೋದಾಮಿನಿಂದ ಸೊಸೈಟಿಗೆ ಬಂದ ಹಾಗೆ, ಇವರ ಗೋದಾಮಿನಿಂದ ಚರ್ಚು, ಶಾಲೆ, ಸಮುದಾಯ ಭವನಗಳಿಗೆ ಸಾಮಾನು ಹೋಗುತ್ತದೆ. ಜನರ ಕೈಗೆ ಕೊಡುವವರು ಬಹುಪಾಲು ಅಲ್ಲಿನವರು. ಬಿಟ್ಟಿ ಕೆಲಸಕ್ಕೆ ಬರುವ ಸ್ವಯಂಸೇವಕರು ಇಲ್ಲದಿದ್ದರೆ ಇದು ಒಂದು ದಿನವೂ ನಡೆಯುವುದಿಲ್ಲ.

ಮಗ ಶನಿವಾರ ಹೋಗುತ್ತಿದ್ದ. ಮನೆಯಲ್ಲಿ ಟಿವಿ ನೋಡಿ ನೋಡಿ ಬೇಜಾರಾಗಿ ನಾನೂ ಬರ್ತೀನಿ ಅಂದೆ. ಮೊದಲ ದಿನ ಗೋದಾಮು. ಎದೆಮಟ್ಟದ ರಟ್ಟಿನ ತೊಟ್ಟಿ, ತುಂಬಾ ಈರುಳ್ಳಿ. ನಾವು ಸುತ್ತ ನಿಂತು ಆರಿಸಿ ಚೀಲಕ್ಕೆ ತುಂಬಬೇಕು. ಹೇಳಿಕೊಟ್ಟ ಹೆಂಗಸು ಒಂದೇ ನಿಯಮ ಹೇಳಿದಳು: ನಿಮ್ಮ ಮನೆಗೆ ಒಯ್ಯುತ್ತೀರಾ ಅಂತ ಕೇಳಿಕೊಳ್ಳಿ, ಒಯ್ಯುವ ಹಾಗಿದ್ದರೆ ಚೀಲಕ್ಕೆ, ಇಲ್ಲದಿದ್ದರೆ ಈ ಡಬ್ಬಕ್ಕೆ.

ನನ್ನ ಕೈ ಸ್ವಲ್ಪ ಹೊತ್ತು ನಿಂತಿತು. ಗೋಣಿ ತಳದ ನುಚ್ಚು, ಮಣ್ಣು ಸೇರಿದ ರಾಗಿ, ಹುಳ ಹಿಡಿದ ಅಕ್ಕಿ, ನಾನು ಎಷ್ಟು ತೂಗಿ ಕೊಟ್ಟಿಲ್ಲ? ಅವರು ಚೀಲದೊಳಗೆ ಇಣುಕಿ ನೋಡಿದರೆ, ಪುಕ್ಕಟೆ ಅಕ್ಕಿಗೆ ಮುಖ ಬೇರೆ ನೋಡ್ತಾರೆ ಅಂತ ಗೊಣಗಿದ್ದೂ ಉಂಟು. ಅಕ್ಕಿ ಮೇಲಿನಿಂದ ಹಾಗೇ ಬರುತ್ತಿತ್ತು, ನಾನೇನು ಮಾಡಲಿ ಅಂತ ಹೇಳಬಹುದು. ಆದರೆ ಗೊಣಗಿದ್ದು ಮೇಲಿನಿಂದ ಬಂದದ್ದಲ್ಲವಲ್ಲ.

ಸೆಪ್ಟೆಂಬರ್‌ನಲ್ಲಿ ಹಂಚುವ ಕಡೆಗೆ ಹಾಕಿದರು. ಒಂದು ದೊಡ್ಡ ಪಾರ್ಕಿಂಗ್ ಜಾಗ, ಕೇಸರಿ ಬಣ್ಣದ ಕೋನುಗಳ ನಡುವೆ ಕಾರುಗಳು ಒಂದರ ಹಿಂದೆ ಒಂದು ಬರುತ್ತವೆ. ಮೊದಲನೆಯ ಕಡೆ ಒಬ್ಬಾಕೆ ಹೆಸರು, ಊರು, ಮನೆಯಲ್ಲಿ ಎಷ್ಟು ಜನ ಅಂತ ಕೇಳಿ ಬರೆದುಕೊಳ್ಳುತ್ತಾಳೆ. ಅಷ್ಟೇ. ಕಾರ್ಡು, ಆದಾಯದ ಸರ್ಟಿಫಿಕೇಟು, ವೀಸಾ, ಏನೂ ಕೇಳಲ್ಲ. ಆಮೇಲೆ ಡ್ರೈವರ್ ಒಳಗಿನಿಂದಲೇ ಬಟನ್ ಒತ್ತುತ್ತಾನೆ, ಡಿಕ್ಕಿ ತೆರೆದುಕೊಳ್ಳುತ್ತದೆ, ನಾವು ಸಾಮಾನು ಇಟ್ಟು ಮುಚ್ಚಿ ಎರಡು ಸಲ ತಟ್ಟುತ್ತೇವೆ, ಕಾರು ಮುಂದೆ ಹೋಗುತ್ತದೆ. ಇಳಿಯುವ ಹಾಗೂ ಇಲ್ಲ, ಯಾರ ಮುಖ ಯಾರೂ ಸರಿಯಾಗಿ ನೋಡುವ ಹಾಗೂ ಇಲ್ಲ. ಇದು ಕೊರೊನಾ ಕಾಲದಲ್ಲಿ ಅಂಟಬಾರದು ಅಂತ ಮಾಡಿದ ಪದ್ಧತಿ. ಆದರೆ ನನಗೆ ಕಂಡ ಮಟ್ಟಿಗೆ ಜನ ಅದನ್ನು ಇಷ್ಟಪಡುವುದು ಮಾನ ಉಳಿಯುತ್ತದೆ ಅಂತ.

ಕೊಡುತ್ತಿದ್ದದ್ದು ಅಕ್ಕಿ, ಈರುಳ್ಳಿ, ಆಲೂಗಡ್ಡೆ, ಮೊಟ್ಟೆ, ಹಾಲು, ಹಣ್ಣು, ಕೆಲವು ವಾರ ಕೋಳಿ. ಚುಕ್ಕೆ ಚುಕ್ಕೆ ಇರುವ ಒಂದು ಒಣ ಕಾಳು ಬರುತ್ತದೆ, ಪಿಂಟೊ ಅಂತ ಹೆಸರು. ಸೊಸೆ ಅದನ್ನೇ ಅಂಗಡಿಯಿಂದ ತಂದು ಹುಳಿ ಮಾಡಿದಳು, ಅಲಸಂದೆಯ ದಾಯಾದಿಯ ಹಾಗಿತ್ತು. ಕೋಳಿ, ಮೊಟ್ಟೆ ಬೇಡ ಅಂದರೆ ಬಿಟ್ಟು ಉಳಿದದ್ದು ಇಡುತ್ತಾರೆ, ಯಾಕೆ ಅಂತ ಕೇಳಲ್ಲ. ಒಂದು ದೂರು ಇದೆ ನನಗೆ. ಕೇಲ್ ಅಂತ ಒಂದು ಸೊಪ್ಪು ಕೊಡುತ್ತಾರೆ, ಎಷ್ಟು ಬೇಯಿಸಿದರೂ ಬೇಯುವುದಿಲ್ಲ.

ಸಾಲಲ್ಲಿ ಬರುವವರು ಯಾರು ಅಂತ ಕುತೂಹಲ ಇರುತ್ತದೆ ಅಲ್ವಾ? ಮನೆ ಕೆಲಸದ ಮೆಕ್ಸಿಕೋ ಹೆಂಗಸರು, ವಿಯೆಟ್ನಾಂ ಅಜ್ಜ ಅಜ್ಜಿಯರು, ಹಿಂದಿನ ಸೀಟಿನಲ್ಲಿ ಮೂರು ಮಕ್ಕಳನ್ನು ಕಟ್ಟಿ ಕೂರಿಸಿದ ತಾಯಂದಿರು, ಶಾಲೆಯಲ್ಲಿ ಕೆಲಸ ಮಾಡುವ ಗುರುತಿನ ಚೀಟಿ ಕೊರಳಲ್ಲೇ ಇದ್ದ ಒಬ್ಬ ಮನುಷ್ಯ. ಅದೇ ಕೌಂಟಿಯ ದಕ್ಷಿಣಕ್ಕೆ ಗಿಲ್ರಾಯ್ ಅಂತ ಬೆಳ್ಳುಳ್ಳಿಗೆ ಹೆಸರಾದ ಊರಿದೆ. ಆ ಕಡೆ ಹೊಲದಲ್ಲಿ ತರಕಾರಿ ಕೀಳುವವರೇ ತರಕಾರಿಗೆ ಸಾಲು ನಿಲ್ಲುತ್ತಾರೆ ಅಂತ ಜೊತೆಯವರು ಹೇಳಿದರು. ಇದು ನಮ್ಮ ಕಡೆಯೂ ಹೊಸದಲ್ಲ ಬಿಡಿ.

ಅಕ್ಟೋಬರ್‌ನಲ್ಲಿ ಒಂದು ಶನಿವಾರ ಒಂದು ಬೆಳ್ಳಿ ಬಣ್ಣದ ಕಾರು ಬಂತು. ಹಿಂದಿನ ಗಾಜಿನ ಮೂಲೆಯಲ್ಲಿ ಅರಿಶಿನ ಕುಂಕುಮ ಬಣ್ಣದ ನಮ್ಮ ಬಾವುಟದ ಸಣ್ಣ ಸ್ಟಿಕ್ಕರ್. ನನಗೆ ತಡೆಯಲಾಗಲಿಲ್ಲ. ಈರುಳ್ಳಿ ಚೀಲ ಕೈಯಲ್ಲಿ ಹಿಡಿದುಕೊಂಡೇ ಮುಂದೆ ಹೋಗಿ, ಯಾವ ಊರಪ್ಪಾ ನಿಂದು ಅಂತ ಕೇಳಿಬಿಟ್ಟೆ. ಜೋರಾಗಿಯೇ ಕೇಳಿದೆ, ನನ್ನ ದನಿಯೇ ಹಾಗೆ. ಮೂವತ್ತರ ಒಳಗಿನ ಹುಡುಗ, ಪಕ್ಕದಲ್ಲಿ ಹೆಂಡತಿ. ಹಾಸನ ಸರ್ ಅಂದ, ನನ್ನ ಕಡೆ ತಿರುಗಲಿಲ್ಲ. ಆ ಹುಡುಗಿ ದುಪ್ಪಟ್ಟಾ ಎಳೆದುಕೊಂಡು ಆ ಕಡೆ ಕಿಟಕಿ ನೋಡಿದಳು. ಗಾಜು ಮೇಲೆ ಹೋಯಿತು. ಮುಂದಿನ ವಾರ ಆ ಕಾರು ಬರಲಿಲ್ಲ, ಅದರ ಮುಂದಿನ ವಾರವೂ ಇಲ್ಲ.

ಮಗ ಮನೆಗೆ ಬರುವವರೆಗೂ ಸುಮ್ಮನಿದ್ದ. ಆಮೇಲೆ, ಅಪ್ಪಾ, ಅದನ್ನ ನೀವು ಕೇಳಬಾರದಿತ್ತು ಅಂದ. ಪ್ರೀತಿಯಿಂದ ಕೇಳಿದೆ ಕಣೋ ಅಂದೆ. ನಿಮಗೆ ಪ್ರೀತಿ, ಅವನಿಗೆ ಹೆಬ್ಬೆಟ್ಟು ಅಂದ. ನನ್ನ ಮಗನೇ ಅಂದದ್ದು, ನನ್ನ ಸೊಸೈಟಿಯ ಜಗುಲಿ ಮೇಲೆ ಆಡಿ ಬೆಳೆದವನು.

ಆ ಹುಡುಗನ ಕಷ್ಟ ಏನಿರಬಹುದು ಅಂತ ಮಗ ಬಿಡಿಸಿ ಹೇಳಿದ, ಇದನ್ನು ಇಲ್ಲಿಯ ತಂದೆ ತಾಯಂದಿರು ತಿಳಿದುಕೊಂಡರೆ ಒಳ್ಳೆಯದು. ಕಂಪನಿ ಕೆಲಸಕ್ಕೆ ಅಂತ ಕೊಡುವ ಎಚ್-1ಬಿ ವೀಸಾದವರಿಗೆ ಕೆಲಸ ಹೋದರೆ ಸಾಮಾನ್ಯವಾಗಿ 60 ದಿನ ಕೊಡುತ್ತಾರೆ. ಅಷ್ಟರಲ್ಲಿ ಬೇರೆ ಕಂಪನಿ ಹುಡುಕಬೇಕು, ವೀಸಾ ಬದಲಿಸಬೇಕು, ಇಲ್ಲಾ ದೇಶ ಬಿಡಬೇಕು. ಬಾಡಿಗೆ ಮಾತ್ರ ನಿಲ್ಲುವುದಿಲ್ಲ. ಸರ್ಕಾರದ ಆಹಾರ ಕಾರ್ಡ್ ಒಂದಿದೆ, ಕ್ಯಾಲಿಫೋರ್ನಿಯಾದಲ್ಲಿ ಕ್ಯಾಲ್‌ಫ್ರೆಶ್ ಅನ್ನುತ್ತಾರೆ, ಅದು ಈ ವೀಸಾದವರಿಗೆ ಸಿಗುವುದಿಲ್ಲ. ಹಾಗಾಗಿ ಕೈ ಬರಿದಾದಾಗ ಇರುವುದು ಇಂಥ ಸಂಸ್ಥೆಯೇ. ಇಂಥ ಕಡೆ ಈರುಳ್ಳಿ ತಗೊಂಡರೆ, ಅಲ್ಲೇ ಕಾಯಂ ಇರಲು ಕೊಡುವ ಗ್ರೀನ್ ಕಾರ್ಡಿಗೆ ತೊಂದರೆ ಅಂತ ನಮ್ಮವರಲ್ಲಿ ಒಂದು ಭಯ ಇದೆ. ಇದು ಸಂಸ್ಥೆ ಕೊಡುವ ಆಹಾರ, ಯಾರ ವೀಸಾ ಯಾವುದು ಅಂತ ಇವರ ಹತ್ತಿರ ಬರೆದಿಟ್ಟುಕೊಂಡಿರುವುದೇ ಇಲ್ಲ.

ಭಯಕ್ಕಿಂತ ದೊಡ್ಡದು ನಾಚಿಕೆ. ಮಗನ ಅಪಾರ್ಟ್‌ಮೆಂಟಿನಲ್ಲೇ ಒಬ್ಬ ಕನ್ನಡದ ಹುಡುಗ, ಕೆಲಸ ಹೋಗಿ ಎರಡು ತಿಂಗಳಾಗಿತ್ತು, ಊರಲ್ಲಿ ಅಪ್ಪ ಅಮ್ಮನಿಗೆ ಹೇಳಿರಲಿಲ್ಲ. ಭಾನುವಾರ ವಿಡಿಯೊ ಕಾಲ್ ಬಂದರೆ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಕೂರುತ್ತಿದ್ದ. ಆ ಕಡೆಯಿಂದ ಸೈಟಿನ ಕಂತು ಈ ತಿಂಗಳು ಯಾಕೆ ತಡ ಅಂತ ಕೇಳುತ್ತಿದ್ದರು. ಅವರ ಮೇಲೆ ತಪ್ಪು ಹೊರಿಸುವುದಿಲ್ಲ, ಅವರಿಗೇನು ಗೊತ್ತು. ನಾನೂ ಮಗನಿಗೆ ಹಾಗೇ ಕೇಳಿದವನೇ.

ಬರೀ ದಿನಸಿಯಿಂದ ಬಾಡಿಗೆ ಕಟ್ಟಲಾಗದು ನಿಜ. ಅದಕ್ಕೆ ಬೇರೆ ಸಂಸ್ಥೆಗಳಿವೆ: ಸ್ಯಾನ್ ಹೋಸೆಯಲ್ಲಿ 1964ರಿಂದ ಇರುವ ಸೇಕ್ರೆಡ್ ಹಾರ್ಟ್ ಕಮ್ಯೂನಿಟಿ ಸರ್ವಿಸ್, ಸನ್ನಿವೇಲ್‌ನಲ್ಲಿ 1970ರಿಂದ ಸನ್ನಿವೇಲ್ ಕಮ್ಯೂನಿಟಿ ಸರ್ವಿಸಸ್, ಕ್ಯುಪರ್ಟಿನೊ ಕಡೆ ವೆಸ್ಟ್ ವ್ಯಾಲಿ ಕಮ್ಯೂನಿಟಿ ಸರ್ವಿಸಸ್. ಬಾಡಿಗೆ ಕಟ್ಟಲಾಗದೆ ಮನೆ ಖಾಲಿ ಮಾಡಿಸುವ ಹಂತಕ್ಕೆ ಬಂದವರಿಗೆ ಇವು ಕೈ ಹಿಡಿಯುತ್ತವೆ. ದುಡ್ಡಿನ ವಿಷಯ ಆದ್ದರಿಂದ ಇಲ್ಲಿ ಕಾಗದ ಪತ್ರ ಕೇಳುತ್ತಾರೆ. ಸರಿಯೇ ಅಲ್ವಾ, ಈರುಳ್ಳಿ ಬೇರೆ, ದುಡ್ಡು ಬೇರೆ.

ನವೆಂಬರ್ ಬಂದಾಗ ನಾನು ಕಂಡ ಸಾಲು ಇಪ್ಪತ್ತಾರು ವರ್ಷದಲ್ಲಿ ಎಂದೂ ಕಂಡಿರಲಿಲ್ಲ. ಅಕ್ಟೋಬರ್ 1ರಿಂದ ಅಮೆರಿಕದ ಕೇಂದ್ರ ಸರ್ಕಾರ ಬಜೆಟ್ ಜಗಳದಲ್ಲಿ ಬಾಗಿಲು ಹಾಕಿತ್ತು. ನವೆಂಬರ್ 1ಕ್ಕೆ ಆಹಾರದ ಕಾರ್ಡಿಗೆ ಹಣ ಬರಲಿಲ್ಲ. ದೇಶದಲ್ಲಿ ನಾಲ್ಕು ಕೋಟಿಗೂ ಜಾಸ್ತಿ ಜನ ಅದನ್ನು ನಂಬಿಕೊಂಡವರು. ಕ್ಯಾಲಿಫೋರ್ನಿಯಾ ಗವರ್ನರ್ ಫುಡ್ ಬ್ಯಾಂಕುಗಳಿಗೆ 8 ಕೋಟಿ ಡಾಲರ್‌ವರೆಗೆ ಬೇಗ ಬಿಡುಗಡೆ ಮಾಡುತ್ತೇವೆ, ನ್ಯಾಷನಲ್ ಗಾರ್ಡ್ ಸಿಪಾಯಿಗಳನ್ನೂ ಸಾಮಾನು ಕಟ್ಟಲು ಕಳಿಸುತ್ತೇವೆ ಅಂದರು. ಕೋರ್ಟು ಕಚೇರಿ ಎಲ್ಲಾ ಆಯಿತು, 43 ದಿನದ ಮೇಲೆ ಸರ್ಕಾರ ಬಾಗಿಲು ತೆಗೆಯಿತು. ಆ ಎರಡು ಶನಿವಾರ ಕಾರಿನ ಸಾಲು ರಸ್ತೆಗೆ ಬಂದು ತಿರುವಿನಾಚೆ ಹೋಗಿತ್ತು. ಸಂಬಳ ನಿಂತ ಸರ್ಕಾರಿ ನೌಕರರೂ ಬಂದಿದ್ದರು. ಚೀಲ ಮುಗಿಯುತ್ತದೆ ಅಂತ ನನಗೆ ಹಳೇ ಭಯ, ಸ್ಟಾಕ್ ಮುಗಿದು ಜಗುಲಿ ಮೇಲೆ ಬೈಸಿಕೊಂಡ ದಿನಗಳು ನೆನಪಾದವು. ಮುಗಿಯಲಿಲ್ಲ, ಆದರೆ ಕೊನೆಗೆ ಬಂದವರಿಗೆ ಸೇಬು ಇರಲಿಲ್ಲ, ಕೇಲ್ ಇತ್ತು.

ಇಷ್ಟು ಹೊಗಳಿದೆ ಅಂತ ಅಮೆರಿಕದವರದ್ದೇ ಮೇಲು ಅನ್ನುತ್ತಿಲ್ಲ. 2013ರ ಆಹಾರ ಭದ್ರತಾ ಕಾಯ್ದೆ, ಅದೇ ವರ್ಷ ಜುಲೈನಲ್ಲಿ ಶುರುವಾದ ನಮ್ಮ ಅನ್ನಭಾಗ್ಯ, ಇವೆಲ್ಲ ಜನರ ಹಕ್ಕು. ಯಾವನೋ ಸಾಹುಕಾರ ಮನಸ್ಸು ಮಾಡಿ ಚೆಕ್ ಬರೆಯಲಿ ಅಂತ ಕಾಯಬೇಕಾಗಿಲ್ಲ. ಅಲ್ಲಿಯ ಸಂಸ್ಥೆಗೆ ದೇಣಿಗೆ ಕಡಿಮೆಯಾದರೆ ಚೀಲವೂ ಸಣ್ಣದಾಗುತ್ತದೆ. ಅಷ್ಟು ದುಡ್ಡಿರುವ ಕೌಂಟಿಯಲ್ಲಿ ಇದು ಬೇಕಾಗಿ ಬಂದದ್ದೇ ಒಂದು ಅವಮಾನ. ಆದರೆ ಕೊಡುವ ಕೈ ಹೇಗಿರಬೇಕು ಅನ್ನುವುದನ್ನು ಮಾತ್ರ ನಾನು ಅಲ್ಲಿ ಕಲಿತೆ. ನಮ್ಮದು ಹಕ್ಕು ಅಂತ ಕಾನೂನು ಹೇಳುತ್ತದೆ, ತೂಗುವವನು ಭಿಕ್ಷೆಯ ಹಾಗೆ ತೂಗುತ್ತಾನೆ. ತೂಗಿದವನೇ ಹೇಳುತ್ತಿದ್ದೇನೆ.

ನಮ್ಮ ಸೊಸೈಟಿಗೆ ಒಬ್ಬ ಅಜ್ಜಿ ಬರುತ್ತಿದ್ದಳು. ತೆಂಗಿನಕಾಯಿ ಸುಲಿದು, ನಾರು ಬಿಡಿಸಿ ಬೆರಳಿನ ಗೆರೆ ಪೂರ್ತಿ ಸವೆದುಹೋಗಿತ್ತು. ಮಿಷನ್ ಬಂದ ಮೇಲೆ ಅವಳ ಹೆಬ್ಬೆಟ್ಟು ಹಿಡಿಯುತ್ತಲೇ ಇರಲಿಲ್ಲ. ಸೀರೆಗೆ ಒರೆಸಿಕೊಂಡು ಒತ್ತುವಳು, ತಲೆಗೆ ಸವರಿ ಎಣ್ಣೆ ಪಸೆ ಮಾಡಿಕೊಂಡು ಒತ್ತುವಳು, ಕೆಂಪು ದೀಪ. ನಾಲ್ಕು ಕಿಲೋಮೀಟರ್ ನಡೆದು ಬಂದವಳಿಗೆ, ನಾಳೆ ಬಾ ಅಜ್ಜಿ, ಸರ್ವರ್ ಸರಿ ಇಲ್ಲ ಅಂತ ಕಳಿಸುತ್ತಿದ್ದೆ. ಸರ್ವರ್ ಸರಿ ಇದ್ದಾಗಲೂ ಹಾಗೇ ಹೇಳಿದ್ದೇನೆ. ಬೆರಳು ಹಿಡಿಯದವರಿಗೆ ಬೇರೆ ದಾರಿ ಇತ್ತು, ಅದಕ್ಕೆ ಬರೆಯುವುದು ಜಾಸ್ತಿ, ನನಗೆ ಸೋಮಾರಿತನ.

ಊರಿಗೆ ಬಂದ ಮಾರನೇ ವಾರ ಸೊಸೈಟಿ ಕಡೆ ಹೋಗಿದ್ದೆ. ಈಗ ಅಲ್ಲಿರುವ ಹುಡುಗ ನನ್ನ ಕೈ ಕೆಳಗೇ ಕೆಲಸ ಕಲಿತವನು, ಎದ್ದು ನಿಂತು ಕುರ್ಚಿ ಕೊಟ್ಟ, ಟೀ ತರಿಸಿದ. ಬೆರಳು ಹಿಡಿಯದಿದ್ದವರಿಗೆ ಏನು ಮಾಡ್ತೀಯಪ್ಪಾ ಅಂತ ಕೇಳಿದೆ.

ನಾಳೆ ಬನ್ನಿ ಅಂತೀನಿ ಸಾರ್ ಅಂದ. ನೀವೇ ಹೇಳಿಕೊಟ್ಟಿದ್ದಲ್ವಾ?

ಇಂತಿ ನಿಮ್ಮ ಓದುಗ,
ನಿವೃತ್ತ ಸೊಸೈಟಿ ಗುಮಾಸ್ತ, ತಿಪಟೂರು ತಾಲ್ಲೂಕು